ದಾಲಾತಿನಲ್ಲಿ ನೆನೆದ ಬಾಳೆನಾರು

ಹೊರಡುವ ಮುಂಚೆ

ವಿಯೆಟ್ನಾಮಿಗೆ ಹೋಗಿ ಬಂದೆ ಎಂದರೆ ಮಧುಗಿರಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಊಟಕ್ಕೆ ಏನು ಮಾಡಿದಿರಿ? ಊಟದ ಮಾತು ಆಮೇಲೆ ಬರುತ್ತದೆ. ನಾವು ಹೋದದ್ದು ಹೂವಿನ ಚಿತ್ರ ಬರೆಯುವುದಕ್ಕೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಚಿತ್ರಕಲೆ ನನಗೆ ತಡವಾಗಿ ಹತ್ತಿದ ಹುಚ್ಚು. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು ಬೇಸರವಾಗಿ ಫೋನಿನಲ್ಲಿ ನೋಡಿ ಕಲಿತೆ. ಕಪ್ಪು ಇಂಕಿನ ಪೆನ್ನಿನಲ್ಲಿ ಹೂವಿನ ಗೆರೆ ಎಳೆಯುವುದು, ಇಂಕು ಒಣಗಿದ ಮೇಲೆ ಜಲವರ್ಣ ತುಂಬುವುದು, ಅಷ್ಟೇ ವಿದ್ಯೆ. ಆದರೆ ಒಣಗುವ ತನಕ ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಗೆರೆ ಇನ್ನೂ ಹಸಿ ಇರುವಾಗಲೇ ಕುಂಚ ಅದ್ದುತ್ತೇನೆ, ಇಂಕು ಕದಡುತ್ತದೆ, ನನ್ನ ದಾಸವಾಳಗಳೆಲ್ಲ ಮುಖಕ್ಕೆ ಮಸಿ ಮೆತ್ತಿಕೊಂಡು ಕೂರುತ್ತವೆ.

ನನ್ನ ಜೊತೆ ಮೊದಲು ಕೆಲಸ ಮಾಡುತ್ತಿದ್ದು ಈಗ ನಿವೃತ್ತರಾಗಿರುವ ಶಿರಾದ ಶಬಾನಾ ಮೇಡಂಗೂ ಇದೇ ಹುಚ್ಚು. ವಿಯೆಟ್ನಾಮಿನ ದಾಲಾತ್ ಎಂಬ ಬೆಟ್ಟದ ಊರಿನಲ್ಲಿ ಲಾನ್ ಎಂಬ ಹೆಣ್ಣುಮಗಳು ಮನೆಯಲ್ಲೇ ಎರಡು ದಿನ ಹೂವಿನ ಚಿತ್ರ ಕಲಿಸುತ್ತಾಳೆಂದು ಪತ್ತೆ ಹಚ್ಚಿದವರು ಅವರೇ. "ಚಲೋ ಸರೋಜ, ಹೋಗಿ ಬರಾಣ. ಇಬ್ರೇ ಆದ್ರೆ ಜಗಳ ಆಡ್ತೀವಿ, ಇನ್ನೊಬ್ರನ್ನ ಕರ್ಕೋ" ಅಂದರು. ನಾನು ಅಕ್ಕನನ್ನು ಕರೆದೆ.

ನನ್ನ ಅಕ್ಕ ಲಕ್ಷ್ಮಕ್ಕನದು ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನದ ರಸ್ತೆಯಲ್ಲಿ ಹೂವಿನಂಗಡಿ. ನಾವು ಹುಟ್ಟಿದ್ದು ಐ.ಡಿ.ಹಳ್ಳಿ. ನಾನು ಓದಿಕೊಂಡು ಮಧುಗಿರಿ ಸೇರಿದೆ, ಅವಳು ಮದುವೆಯಾಗಿ ಗೊರವನಹಳ್ಳಿ ಸೇರಿ ಹೂ ಕಟ್ಟಲು ಕೂತಳು. ಶುಕ್ರವಾರ ಬಸ್ಸಿನ ಮೇಲೆ ಬಸ್ಸು ಬಂದು ನಿಂತರೆ ಅವಳ ಬೆರಳು ಕಣ್ಣಿಗೆ ಕಾಣುತ್ತಿರಲಿಲ್ಲ, ಹಾರ ಮಾತ್ರ ಉದ್ದವಾಗುತ್ತಾ ಹೋಗುವುದು ಕಾಣುತ್ತಿತ್ತು. ಅಂಥವಳು ಕಳೆದ ವರ್ಷ ಅಂಗಡಿ ಮುಂದೆ ತಾನೇ ಚೆಲ್ಲಿದ್ದ ಹೂವಿನ ನೀರಿನ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು, ಮೂಳೆ ಚೆನ್ನಾಗಿ ಕೂಡಿದೆ, ಬೆರಳಿಗೆ ಕೆಲಸ ಕೊಡಿ ಎಂದು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅಕ್ಕ ಅದನ್ನು ಬೀದಿನಾಯಿಗೆ ಎಸೆದಳು. ಹೆಬ್ಬೆರಳು ತೋರುಬೆರಳಿಗೆ ಸೇರುತ್ತಿರಲಿಲ್ಲ. "ನನ್ ಕೈ ಸತ್ತೋಯ್ತು ಕಣೆ" ಎಂದು ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಅಂಗಡಿಯಲ್ಲಿ ಸೊಸೆ ಕಟ್ಟುತ್ತಿದ್ದಳು, ಅಕ್ಕ ಎಡಗೈಯಲ್ಲಿ ಹೂವಿಗೆ ನೀರು ಚಿಮುಕಿಸುತ್ತಾ ಕೂರುತ್ತಿದ್ದಳು. ಆ ಕೈ ಮತ್ತೆ ಹೂ ಕಟ್ಟುತ್ತದೋ ಇಲ್ಲವೋ ಎಂಬುದೊಂದೇ ನಮಗೆಲ್ಲ ಚಿಂತೆಯಾಗಿತ್ತು. ಅವಳ ಎದುರಿಗೆ ಮಾತ್ರ ಯಾರೂ ಆ ಮಾತೆತ್ತುತ್ತಿರಲಿಲ್ಲ.

ವಿಯೆಟ್ನಾಂ ಎಂದಾಗ ಅವಳು ಕೇಳಿದ್ದು, "ಅಲ್ಲಿ ನಾನ್ ಬಂದು ಏನ್ ಮಾಡ್ಲಿ?" ಎಂದು.

"ಇಲ್ಲಿ ಕೂತು ಏನ್ ಮಾಡ್ತಿದೀಯ?" ಅಂದೆ. ಮುಖ ಊದಿಸಿಕೊಂಡಳು, ಆದರೆ ಬಂದಳು. ಪಾಸ್‌ಪೋರ್ಟಿಗೆ ಬೆರಳಚ್ಚು ಕೊಡುವಾಗ ಆ ಕೈಯನ್ನು ಸೆರಗಿನಿಂದ ಹೊರಗೆ ತೆಗೆಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಬೆಂಗಳೂರು ವಿಮಾನ ನಿಲ್ದಾಣ

ತಪಾಸಣೆಯಲ್ಲಿ ಅಕ್ಕನ ಚೀಲ ಸಿಕ್ಕಿಹಾಕಿಕೊಂಡಿತು. ಯೂನಿಫಾರ್ಮಿನ ಹುಡುಗಿ ಚೀಲದ ತಳದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಒಣಗಿದ ಬಾಳೆನಾರಿನ ಸುರುಳಿ.

"ಇದೇನಮ್ಮಾ?"

"ನಾರು ಕಣಮ್ಮ. ಹೂವ ಕಟ್ಟಕ್ಕೆ."

"ಅಲ್ಲಿ ಹೋಗಿ ಹೂ ಕಟ್ತೀರಾ?"

"ಇಲ್ಲ, ಕೈ ಬರಾಕಿಲ್ಲ" ಅಂದಳು ಅಕ್ಕ.

ಹುಡುಗಿ ನನ್ನ ಮುಖ ನೋಡಿದಳು. ನಾನು ಶಬಾನಾ ಮೇಡಂ ಮುಖ ನೋಡಿದೆ. ಅವರು ಸೀಲಿಂಗಿನ ಫ್ಯಾನು ಹುಡುಕುತ್ತಿದ್ದರು. ಹುಡುಗಿ ಗಂಟನ್ನು ಇದ್ದ ಹಾಗೆಯೇ ಕಟ್ಟಿ ಕೊಟ್ಟಳು.

"ಕೈ ಬರಲ್ಲ ಅಂದ್ಮೇಲೆ ನಾರು ಯಾಕೆ ತಂದೆ?" ಎಂದು ಮುಂದೆ ಹೋದ ಮೇಲೆ ರೇಗಿದೆ.

"ಇರ್ಲಿ ಬುಡು. ಚೀಲದಾಗೆ ಅದಿಲ್ದಿದ್ರೆ ಹೆಂಗೆಂಗೋ ಆಯ್ತದೆ."

ಗಂಟನ್ನು ಅವಳ ಚೀಲದ ತಳಕ್ಕೆ ನಾನೇ ಮತ್ತೆ ಸೇರಿಸಿದೆ.

ಸೈಗಾನ್

ನಮ್ಮ ವಿಮಾನ ಇಳಿದ ದೊಡ್ಡ ಊರು, ರಸ್ತೆ ತುಂಬ ಸ್ಕೂಟರುಗಳು. ಸಿಗ್ನಲ್ ಇದ್ದರೂ ಇಲ್ಲದಿದ್ದರೂ ಅವು ನಿಲ್ಲುವುದಿಲ್ಲ. ನಾನೂ ಶಬಾನಾ ಮೇಡಂ ಇಬ್ಬರೂ ಫುಟ್‌ಪಾತಿನ ಅಂಚಿನಲ್ಲಿ ಕೈ ಕೈ ಹಿಡಿದುಕೊಂಡು ನಡುಗುತ್ತಾ ನಿಂತಿದ್ದರೆ, ಅಕ್ಕ ಎಡಗೈ ಮೇಲೆತ್ತಿ, ಗೊರವನಹಳ್ಳಿ ಬಸ್ಸುಗಳ ನಡುವೆ ನಡೆಯುವ ಹಾಗೆಯೇ ನಿಧಾನವಾಗಿ ನಡೆದುಹೋದಳು. ಸ್ಕೂಟರುಗಳು ಅವಳ ಎರಡೂ ಪಕ್ಕಕ್ಕೆ ಸರಿದು ಹರಿದುಹೋದವು. ಆ ಕಡೆ ನಿಂತು, "ಬರ್ರೇ, ಮೇಷ್ಟ್ರಮ್ಮಗಳಾ" ಎಂದು ಕೂಗಿದಳು. ನಾವು ಇನ್ನೊಂದಿಷ್ಟು ಹೊತ್ತು ಅಲ್ಲೇ ಇದ್ದೆವು.

ಅಲ್ಲಿನ ಕಾಫಿ ವಿಚಿತ್ರ. ಲೋಟದ ಮೇಲೆ ಸಣ್ಣ ತಗಡಿನ ಜರಡಿ ಇಟ್ಟು ತಂದಿಡುತ್ತಾರೆ, ಕಾಫಿ ತೊಟ್ಟು ತೊಟ್ಟಾಗಿ ಇಳಿಯುವ ತನಕ ಜನ ಗೊಂಬೆಯಂಥ ಪುಟ್ಟ ಸ್ಟೂಲುಗಳ ಮೇಲೆ ಕೂತು ರಸ್ತೆ ನೋಡುತ್ತಿರುತ್ತಾರೆ. ನಾನು ಕಾಯಲಾರದೆ ಜರಡಿ ಎತ್ತಿ, ಸೀರೆಯ ಮೇಲೆಲ್ಲ ಸುರಿದುಕೊಂಡೆ. "ಇದು ಇಳಿಯಾವತ್ಗೆ ನಮ್ಮೂರಾಗೆ ಎರಡ್ ಬಸ್ ಬಂದು ಓಗಿರ್ತವೆ" ಎಂದಳು ಅಕ್ಕ. ಆದರೆ ಅವಳು ಕಾದಳು, ಕುಡಿದಳು, ಇನ್ನೊಂದು ಬೇಕೆಂದಳು.

ಊಟದ ಮಾತು ಇಲ್ಲೇ ಹೇಳಿ ಮುಗಿಸುತ್ತೇನೆ. ಕೈ ಮುರಿದ ಮೇಲೆ ಅಕ್ಕ ಯಾರೆದುರಿಗೂ ಉಣ್ಣುತ್ತಿರಲಿಲ್ಲ. ಮುದ್ದೆ ಮುರಿಯಲು ಬೆರಳು ಬಗ್ಗುತ್ತಿರಲಿಲ್ಲ, ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪುತ್ತಿರಲಿಲ್ಲ. ಇಲ್ಲಿ ಇಡೀ ಊರೇ ಕಡ್ಡಿಯಲ್ಲೂ ಚಮಚದಲ್ಲೂ ಉಣ್ಣುತ್ತದೆ. ಅವಳು ಚಮಚ ಹಿಡಿದು, ಯಾರ ಹಂಗೂ ಇಲ್ಲದೆ, ಬಟ್ಟಲು ತುಂಬ ಅಕ್ಕಿ ಶಾವಿಗೆಯ ಸಾರು ಸೊರಸೊರ ಹೀರಿದಳು. ಅವಳು ನೆಮ್ಮದಿಯಾಗಿ ಉಂಡದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು.

ಬೀದಿಯಲ್ಲಿ ಹೆಂಗಸೊಬ್ಬಳು ಸೈಕಲ್ ತುಂಬ ಹೂವು ಮಾರುತ್ತಿದ್ದಳು. ಎಲ್ಲವೂ ಮಾರುದ್ದದ ದಂಟಿನವು, ಕಾಗದದಲ್ಲಿ ಸುತ್ತಿ ಕಟ್ಟಿಗೆಯ ಹೊರೆಯಂತೆ ನಿಲ್ಲಿಸಿದವು. ಅಕ್ಕ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಂತ ಪೊಡುಗು ಎಂದುಕಮ್ಮಾ?" ಎಂದು ಕೇಳಿದಳು. ಕನ್ನಡ ಬಾರದವರೆಲ್ಲ ಪಾವಗಡದ ಆಚೆಯ ತೆಲುಗರು ಎಂಬುದು ಅವಳ ಅಂಗಡಿಯ ಅನುಭವ. ಇಷ್ಟುದ್ದ ಯಾಕೆ ಎಂಬ ಅವಳ ಪ್ರಶ್ನೆಗೆ ಆ ಹೆಂಗಸು ನಕ್ಕು ಒಂದು ಸೇವಂತಿಗೆ ಕೊಟ್ಟಳು. ಅಕ್ಕ ಹಿಂದೆಮುಂದೆ ನೋಡದೆ ಅದರ ದಂಟನ್ನು ಎಡಗೈಯ ಉಗುರಿನಲ್ಲಿ ಚಿವುಟಿ ಎಸೆದು ಹೂವನ್ನು ಮುಡಿದುಕೊಂಡಳು. ಮಾರುವವಳು ಬಿದ್ದ ದಂಟನ್ನೂ ಅಕ್ಕನ ತಲೆಯನ್ನೂ ಬಹಳ ಹೊತ್ತು ನೋಡಿದಳು.

ದಾಲಾತ್, ಮೊದಲ ದಿನ

ಇದು ಚಳಿಯ ಊರು. ಮಂಜು, ಪೈನ್ ಮರ, ಗುಡ್ಡದ ಇಳಿಜಾರಿನ ಮೇಲೆಲ್ಲ ಹೂ ಬೆಳೆಯುವ ಪ್ಲಾಸ್ಟಿಕ್ ಮಾಡಿನ ಮನೆಗಳು. ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತವೆ. "ತಿರುಮಣಿ ಸೋಲಾರ್ ಇದ್ದಂಗೈತೆ ಕಣೆ" ಎಂದಳು ಅಕ್ಕ. ನಿಜವೇ, ದೂರದಿಂದ ಪಾವಗಡದ ಆ ಸೋಲಾರ್ ಹಲಗೆಗಳ ಹೊಲಗಳೇ. ಹತ್ತಿರ ಹೋದರೆ ಒಳಗೆ ಸೇವಂತಿಗೆ.

ಲಾನ್ ಮೂವತ್ತರ ಆಸುಪಾಸಿನವಳು, ಮೃದು ಮಾತು, ಕೂದಲಿಗೆ ಕುಂಚ ಸಿಕ್ಕಿಸಿಕೊಂಡಿರುತ್ತಾಳೆ. ಅವಳ ಮನೆಯ ಮಹಡಿಯ ಮೇಲೆ ಉದ್ದನೆಯ ಮೇಜು. ನಾವು ಮೂವರು, ಅಲ್ಲಿಯವರೇ ಆದ ಇಬ್ಬರು ಹುಡುಗಿಯರು. ಅವಳ ಹರುಕು ಇಂಗ್ಲಿಷಿಗೂ ನನ್ನ ಹರುಕು ಇಂಗ್ಲಿಷಿಗೂ ಚೆನ್ನಾಗಿ ಹೊಂದಿಕೆಯಾಯಿತು. ಪ್ರತಿಯೊಬ್ಬರ ಮುಂದೆಯೂ ಗಾಜಿನ ಲೋಟದಲ್ಲಿ ಒಂದು ಹಳದಿ ಸೇವಂತಿಗೆ ನಿಲ್ಲಿಸಿ, "ಮೊದಲು ಮೂಸಿ ನೋಡಿ, ಆಮೇಲೆ ಬರೆಯಿರಿ" ಎಂದು ತಾನೇ ಒಂದನ್ನು ಮೂಗಿಗೆ ಹಿಡಿದಳು.

"ವದ್ದಮ್ಮಾ, ವದ್ದು" ಎಂದು ತೆಲುಗಿನಲ್ಲಿ ಬೇಡವೆನ್ನುತ್ತಾ ಅಕ್ಕ ಎದ್ದೇ ನಿಂತಳು. ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲ ಎಂದು ನಾನು ಲಾನ್‌ಗೆ ವಿವರಿಸಿದೆ. ಅವಳು ತಪ್ಪಿತಸ್ಥಳಂತೆ ಹೂವನ್ನು ಕೆಳಗಿಟ್ಟು, ಈ ಹೂವು ಯಾವ ದೇವರಿಗೂ ಅಲ್ಲ, ಬರೆಯುವುದಕ್ಕೆ ಮಾತ್ರ ಎಂದಳು. "ಆದ್ರೂನೂ" ಎಂದು ಗೊಣಗಿ ಅಕ್ಕ ಕೂತಳು.

ಪೆನ್ನು ಕೊಟ್ಟಾಗ ಅವಳು ಮುಟ್ಟಲಿಲ್ಲ, "ನೀವ್ ಬರೀರಿ, ನಾನ್ ನೋಡ್ತೀನಿ" ಅಂದಳು. ಕೈ ಸೆರಗಿನೊಳಗೇ ಇತ್ತು. ಲಾನ್ ಒತ್ತಾಯ ಮಾಡಲಿಲ್ಲ, ಏನು ಎತ್ತ ಎಂದೂ ಕೇಳಲಿಲ್ಲ. ಒಂದು ದಪ್ಪ ಹಿಡಿಯ ಕುಂಚವನ್ನೂ ಒಂದು ಹಾಳೆಯನ್ನೂ ಅವಳ ಮುಂದಿಟ್ಟು, ಕುಂಚವನ್ನು ಕಾಗದಕ್ಕೆ ಒತ್ತಿ, ಎತ್ತಿ ತೋರಿಸಿದಳು. ಒತ್ತಿದರೆ ದಳದ ಹೊಟ್ಟೆ, ಎತ್ತಿದರೆ ದಳದ ತುದಿ. ಒಂದು ದಳ ಬರೆದು ಮುಂದಕ್ಕೆ ಹೋದಳು.

ನಾನು ಎಂದಿನಂತೆ ಇಂಕು ಒಣಗುವ ಮುಂಚೆ ಬಣ್ಣ ಹಾಕಿ ಸೇವಂತಿಗೆಯನ್ನು ಇದ್ದಿಲು ಮಾಡಿದೆ. "ನಿಧಾನ" ಎಂದಳು ಲಾನ್. ಎರಡನೆಯದನ್ನೂ ಇದ್ದಿಲು ಮಾಡಿದೆ. "ಸರೋಜ, ನಿನ್ನ ಹೂವಿಗೆ ಬೆಂಕಿ ಬಿದ್ದೈತೆ" ಎಂದರು ಶಬಾನಾ ಮೇಡಂ. ಅವರಿಗೆ ಉತ್ತರ ಕೊಡಲು ತಿರುಗಿದಾಗ ಅಕ್ಕ ಕಣ್ಣಿಗೆ ಬಿದ್ದಳು. ಕುಂಚ ಅವಳ ಬಲಗೈಯಲ್ಲಿತ್ತು. ನಾಲ್ಕೂ ಬೆರಳಲ್ಲಿ ಒನಕೆ ಹಿಡಿದ ಹಾಗೆ ಹಿಡಿದು ಒತ್ತುತ್ತಿದ್ದಳು, ಎತ್ತುತ್ತಿದ್ದಳು. ನಾನು ನೋಡಿದ್ದು ಗೊತ್ತಾದರೆ ನಿಲ್ಲಿಸಿಬಿಡುತ್ತಾಳೆಂದು ತಟ್ಟನೆ ನನ್ನ ಇದ್ದಿಲಿಗೆ ಮರಳಿದೆ.

ಸಂಜೆ ಎಲ್ಲರ ಹಾಳೆಗಳನ್ನೂ ಗೋಡೆಗೆ ಅಂಟಿಸಿದರು. ಅಕ್ಕನ ಹಾಳೆಯಲ್ಲಿ ಹಳದಿ ಹೂಗಳು ಜೋಡಿ ಜೋಡಿಯಾಗಿ ಸಾಲಾಗಿ ಕೂತಿದ್ದವು, ಒಂದಕ್ಕೂ ದಂಟಿಲ್ಲ, ಎಲೆಯಿಲ್ಲ. ದಂಟು ಎಲ್ಲಿ ಎಂದು ಲಾನ್ ಕೇಳಿದಳು. ನಾನು ಅಕ್ಕನಿಗೆ ಹೇಳಿದೆ.

"ಹೂವ ಬರಿ ಅಂದ್ಳು, ಬರ್ದೆ. ಗಿಡ ಬರಿ ಅಂದ್ಳಾ?"

ನಾವು ನಕ್ಕೆವು. ಆದರೆ ಯೋಚಿಸಿದರೆ ನಮ್ಮ ಕಡೆ ಹೂವು ಅಂಗಡಿಗೆ ಬರುವುದೇ ಉಗುರಿನಷ್ಟು ತೊಟ್ಟಿನ ಸಮೇತ. ಮುಡಿಗೋ ದೇವರ ಕೊರಳಿಗೋ ಹೋಗುವ ಹೂವು ನೆಟ್ಟಗೆ ನಿಂತುಕೊಳ್ಳುವ ಪ್ರಸಂಗವೇ ಬರುವುದಿಲ್ಲ. ನಾನೂ ಬರೆಯಲು ಕಲಿತ ಮೊದಲ ತಿಂಗಳೆಲ್ಲ ದಂಟು ಮರೆಯುತ್ತಿದ್ದೆ. ಲಾನ್ ಆ ಹಾಳೆಯನ್ನು ಬಹಳ ಹೊತ್ತು ನೋಡಿ ಏನೋ ಹೇಳಿದಳು. ಅಕ್ಕ "ಬಾಗುಂದಿ, ಬಾಗುಂದಿ" ಎಂದು ತಾನೇ ಹೊಗಳಿಕೊಂಡಳು. ಚೆನ್ನಾಗಿದೆ ಎನ್ನುವ ಆ ತೆಲುಗನ್ನು ಲಾನ್ ಕನ್ನಡವೆಂದು ತಿಳಿದು ಅಂದಿನಿಂದ ಎಲ್ಲರ ಚಿತ್ರಕ್ಕೂ "ಬಾಗುಂದಿ" ಎನ್ನತೊಡಗಿದಳು. ನಾನು ತಿದ್ದಲು ಹೋಗಲಿಲ್ಲ.

ದಾಲಾತ್, ಎರಡನೆಯ ದಿನ

ಬೆಳಿಗ್ಗೆ ಲಾನ್ ತನ್ನ ತಾಯಿಯ ತೋಟದಿಂದ ಎರಡು ಬಕೆಟ್ ತುಂಬ ಹೂವು ತಂದಳು. ನೀಲಿಯ ದೊಡ್ಡ ಗೊಂಚಲು ಹೂಗಳು ಬೆಳಗಿನ ಪಾಠಕ್ಕೆ. ಹಳದಿ ಸೇವಂತಿಗೆಗಳನ್ನು ಹೂದಾನಿಗಳಲ್ಲಿ ಚೆಂದವಾಗಿ ಜೋಡಿಸಿ ಇಟ್ಟಳು, ಅವು ಮಧ್ಯಾಹ್ನಕ್ಕೆ. ಕೊನೆಯ ದೊಡ್ಡ ಚಿತ್ರ ಅದೇ. ಈ ಕೊನೆಯ ಮಾತನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅದನ್ನು ಅಕ್ಕನಿಗೆ ಹೇಳಲು ಮರೆತೆ.

ಮಧ್ಯಾಹ್ನ ಉಂಡ ಕೂಡಲೇ ಆ ದೇಶದಲ್ಲಿ ಎಲ್ಲರೂ ಮಲಗುತ್ತಾರೆ. ಅಂಗಡಿಯವರು, ಆಫೀಸಿನವರು, ಎಲ್ಲರೂ, ಇದ್ದಲ್ಲೇ, ನೆಲದ ಮೇಲೇ. ಲಾನ್ ಚಾಪೆ ಹಾಸಿಕೊಟ್ಟು, ತಾನೂ ಒಂದು ಮೂಲೆಯಲ್ಲಿ ಮುದುರಿಕೊಂಡಳು. ಶಬಾನಾ ಮೇಡಂ ಮಲಗಿದ ಕ್ಷಣಕ್ಕೆ ಗೊರಕೆ. ನಾನೂ ನಿದ್ದೆ ಹೋದೆ. ಅಕ್ಕನೊಬ್ಬಳಿಗೆ ನಿದ್ದೆ ಬರಲಿಲ್ಲ. ಗೊರವನಹಳ್ಳಿಯಲ್ಲಿ ಅದು ಬಸ್ಸು ಬರುವ ಹೊತ್ತು.

ಎಚ್ಚರವಾದದ್ದು ಆ ಹುಡುಗಿಯರಲ್ಲಿ ಒಬ್ಬಳು ಸಣ್ಣಗೆ ಕಿರುಚಿದ್ದರಿಂದ. ಎದ್ದು ನೋಡಿದರೆ ಹೂದಾನಿಗಳಲ್ಲಿ ಬರೀ ದಂಟುಗಳು. ರುಂಡವಿಲ್ಲದ ಹಸಿರು ಕಡ್ಡಿಗಳು, ಚೆಂದವಾಗಿ ಜೋಡಿಸಿದ ಹಾಗೆಯೇ ನಿಂತಿವೆ. ಲಾನ್ ಎದ್ದು ಬಂದು ಆ ದಂಟುಗಳನ್ನು ನೋಡಿದಳು. ಮುಖದಲ್ಲಿ ಮಾತ್ರ ಅಲ್ಲಿನವರ ಒಂದು ಸೌಜನ್ಯದ ನಗು ಅಂಟಿಕೊಂಡೇ ಇತ್ತು.

ಅಕ್ಕ ಕಿಟಕಿಯ ಕೆಳಗೆ ನೆಲದ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದಳು.

"ಏನಕ್ಕ ಮಾಡ್ಬಿಟ್ಟೆ ಇದು? ಅವರು ಬರೆಯೋಕೆ ಇಟ್ಟಿದ್ದ ಹೂವು. ಮಾನ ಮರ್ಯಾದೆ ಇದೆಯಾ ನಿನಗೆ? ಕೇಳದೆ ಯಾರಾದ್ರೂ..." ಎಂದು ಬೈಯುತ್ತಲೇ ಅವಳ ಎದುರಿಗೆ ಹೋದೆ.

ಅವಳ ಮಡಿಲಿನಲ್ಲಿ ಹಾರ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಎಡಗೈಯಲ್ಲಿ ಹೂವಿನ ಜೋಡಿ, ಬಲಗೈಯಲ್ಲಿ ನಾರು. ಹೆಬ್ಬೆರಳು ತೋರುಬೆರಳಿಗೆ ಸೇರಿತ್ತು. ಸುತ್ತುತ್ತಿತ್ತು, ಕುಣಿಕೆ ಹಾಕುತ್ತಿತ್ತು, ಎಳೆಯುತ್ತಿತ್ತು. ಮೊದಲಿನ ವೇಗ ಇಲ್ಲ, ನಡುನಡುವೆ ಬೆರಳು ನಡುಗಿ ನಿಂತು ಮತ್ತೆ ಹೊರಡುತ್ತಿತ್ತು. ಹಾರದ ಆರಂಭದ ತುದಿಯಲ್ಲಿ ಗಂಟುಗಳು ಸಡಿಲ, ಬರಬರುತ್ತ ಬಿಗಿ.

"ಊಟ ಆದ್ಮೇಲೆ ಪಾಠ ಮುಗೀತು ಅಂದ್ಕೊಂಡೆ ಕಣೆ" ಅಂದಳು, ತಲೆಯೆತ್ತದೆ. "ಇಷ್ಟು ಹೂವ ಸುಮ್ನೆ ಬಾಡೋಯ್ತದಲ್ಲ ಅಂತ... ನಾರು ಒಣಗಿತ್ತು. ನಿನ್ ಲೋಟದ ನೀರಾಗೆ ನೆನೆಸ್ದೆ." ನನ್ನ ಲೋಟದಲ್ಲಿ ಬೆಳಗಿನ ನೀಲಿ ಬಣ್ಣದ ನೀರಿತ್ತು. ನಾರೆಲ್ಲ ನೀಲಿ ಹತ್ತಿ, ಹಳದಿ ಹೂಗಳ ನಡುವೆ ಹೊಳೆಯುತ್ತಿತ್ತು.

"ಬೈ, ಇನ್ನೇನ್ ಬೈಬೇಕು ಬೈದ್ಬುಡು" ಎಂದಳು. ನನಗೆ ಅಳು ಬಂದುಬಿಟ್ಟಿತು. ಶಬಾನಾ ಮೇಡಂ ನಿದ್ದೆಗಣ್ಣಲ್ಲಿ ಬಂದು ನೋಡಿ, "ಮಾಶಾ ಅಲ್ಲಾ, ಲಕ್ಷ್ಮಕ್ಕ, ಕೈ" ಎಂದು ನೆಲದ ಮೇಲೆ ಕೂತೇಬಿಟ್ಟರು. ಆಗ ಅಕ್ಕ ಹೂವು ಬಿಟ್ಟು ತನ್ನ ಬಲಗೈಯನ್ನು ಮೊದಲ ಬಾರಿಗೆ ನೋಡಿಕೊಂಡಳು. ಬೆರಳು ಮಡಚಿದಳು, ಬಿಚ್ಚಿದಳು. "ಅಯ್ಯೋ, ಹೌದಲ್ಲೇ" ಎಂದಳು, ಬೇರೆ ಯಾರದೋ ವಿಷಯ ಹೇಳುವವಳಂತೆ.

ಲಾನ್‌ಗೆ ಎಲ್ಲವನ್ನೂ ಹೇಳಿದೆ. ಜಾರಿ ಬಿದ್ದದ್ದು, ರಬ್ಬರ್ ಚೆಂಡು, ಸೆರಗು, ಬಾಳೆನಾರು, ಒಂದನ್ನೂ ಬಿಡದೆ, ಇಂಗ್ಲಿಷ್ ಮುಗಿದ ಕಡೆ ಕೈಸನ್ನೆಯಲ್ಲಿ. ಅವಳು ಕೇಳಿಸಿಕೊಂಡು, ದಂಟುಗಳ ಹೂದಾನಿಗಳನ್ನು ಎತ್ತಿ ಕೆಳಗಿಟ್ಟಳು. ಅಕ್ಕನಿಗೆ ಮೇಜಿನ ತುದಿಯಲ್ಲಿ ಕುರ್ಚಿ ಹಾಕಿ, ಹಾರದ ಒಂದು ತುದಿಯನ್ನು ಅವಳ ಬಲಗೈಗೆ ಕೊಟ್ಟು, ಉಳಿದದ್ದನ್ನು ಮೇಜಿನ ಮೇಲೆ ಹರಡಿ, "ಈಗ ಇದನ್ನು ಬರೆಯೋಣ" ಎಂದಳು.

ಬರೆಯುವುದು ಸುಲಭವಾಗಿರಲಿಲ್ಲ. ಒಂದು ಹೂವು ಮುಗಿಯುವುದಕ್ಕೆ ಮೊದಲೇ ಇನ್ನೊಂದು ಶುರುವಾಗಿರುತ್ತದೆ. ಶಬಾನಾ ಮೇಡಂ ಲೆಕ್ಕ ತಪ್ಪಿ ತಪ್ಪಿ ಕೊನೆಗೆ ಅಕ್ಕನ ಮೂಗುತಿ ಬರೆದರು. ಲಾನ್ ಕೂಡ ಎರಡು ಹಾಳೆ ಹರಿದಳು. ನಾನು ಹಾರಕ್ಕಿಂತ ಮೊದಲು ಆ ಕೈ ಬರೆದೆ. ಊದಿದ ಮಣಿಕಟ್ಟು, ನೀಲಿ ಹತ್ತಿದ ಉಗುರು, ನಾರು ಕಚ್ಚಿ ಹಿಡಿದ ಎರಡು ಬೆರಳು. ಆಮೇಲೆ ಅದನ್ನೇ ನೋಡುತ್ತಾ ಕೂತುಬಿಟ್ಟೆ. ಕುಂಚ ಎತ್ತಿಕೊಳ್ಳುವ ಹೊತ್ತಿಗೆ ಇಂಕು ಒಣಗಿ ಎಷ್ಟೋ ಹೊತ್ತಾಗಿತ್ತು. ಒಂದು ಗೆರೆಯೂ ಕದಡಲಿಲ್ಲ. "ಬಾಗುಂದಿ" ಎಂದಳು ಲಾನ್.

ಹೊರಡುವಾಗ ಅಕ್ಕ ಹಾರವನ್ನು ಅವಳ ಕೈಗಿಟ್ಟಳು. ಲಾನ್ ನಮ್ಮನ್ನು ಕೆಳಗಿನ ಕೋಣೆಗೆ ಕರೆದೊಯ್ದಳು. ಅಲ್ಲಿ ಅವರ ಹಿರಿಯರ ಪೀಠ, ಊದುಬತ್ತಿ, ಹಣ್ಣು, ತೀರಿಹೋದ ಅಜ್ಜಿಯ ಪಟ. ಪಟಕ್ಕೆ ಹಾಕಬಹುದೇ ಎಂದು ಸನ್ನೆಯಲ್ಲಿ ಕೇಳಿದಳು.

"ಹಾಕು ಕಣಮ್ಮ. ಯಾರೂ ಮೂಸಿಲ್ಲ, ನಾನ್ ಕಾದಿವ್ನಿ" ಎಂದಳು ಅಕ್ಕ. ಲಾನ್‌ಗೆ ಹಾರ ಹಾಕುವ ಬಗೆ ತಿಳಿಯದೆ ತಡವರಿಸಿದಾಗ, ಅಕ್ಕ ತಾನೇ ಎರಡೂ ಕೈ ಎತ್ತಿ ಪಟಕ್ಕೆ ಹಾಕಿ ಸರಿಮಾಡಿದಳು. ಲಾನ್ ಅವಳ ಬಲಗೈಯನ್ನು ಹಿಡಿದುಕೊಂಡು ನಿಂತಳು. ಅವರಿಬ್ಬರಿಗೂ ಅಲ್ಲಿ ನನ್ನ ಇಂಗ್ಲಿಷ್ ಬೇಕಾಗಲಿಲ್ಲ.

ಗೊರವನಹಳ್ಳಿ, ಶುಕ್ರವಾರ

ಊರಿಗೆ ಬಂದ ಮೇಲಿನ ಮೊದಲ ಶುಕ್ರವಾರ ಅಕ್ಕನ ಅಂಗಡಿಗೆ ಹೋದೆ. ನನ್ನ ಚಿತ್ರಕ್ಕೆ ಕಟ್ಟು ಹಾಕಿಸಿ ತೆಗೆದುಕೊಂಡು ಹೋಗಿದ್ದೆ. ಅವಳು ಅದನ್ನು ಲಕ್ಷ್ಮಿಯ ಪಟದ ಪಕ್ಕ, ತುಸು ಕೆಳಗೆ ತೂಗುಹಾಕಿಸಿದಳು. "ನಾರು ಯಾಕೆ ನೀಲಿ ಐತೆ?" ಎಂದು ಸೊಸೆ ಕೇಳಿದಳು. "ಅದು ಅಲ್ಲಿನ ನೀರು ಹಂಗೆ" ಎಂದಳು ಅಕ್ಕ. ಬೆಳಿಗ್ಗೆ ಸೊಸೆ ಮಾಡಿದ್ದ ಮುದ್ದೆಯನ್ನು ಅಂಗಡಿಯ ಮುಂದೆಯೇ, ರಸ್ತೆಗೆ ಮುಖ ಮಾಡಿ ಕೂತು ಮುರಿದು ಉಂಡಳಂತೆ.

ಪಾವಗಡದ ಬಸ್ಸು ಬಂದು ನಿಂತಿತು. ಇಳಿದ ಹೆಂಗಸೊಬ್ಬಳು ಒಂದು ಮೊಳ ಸೇವಂತಿಗೆ ಕೇಳಿದಳು. ಅಕ್ಕ ಹಾರ ಎತ್ತಿ, ಸೆರಗು ಸರಿಸಿ, ಬಲಗೈ ಚಾಚಿ, ಮೊಣಕೈಯಿಂದ ಬೆರಳ ತುದಿಗೆ ಅಳೆದಳು. ಮಣಿಕಟ್ಟು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ, ಬೆರಳ ತುದಿ ಸ್ವಲ್ಪ ಒಳಕ್ಕೇ ಬಾಗಿತ್ತು.

"ಏಂದಮ್ಮಾ, ಮೊಳ ಇಂತೇನಾ?" ಎಂದು, ಇಷ್ಟೇನಾ ಎನ್ನುವುದನ್ನು ತೆಲುಗಿನಲ್ಲಿ ಕೇಳಿದಳು ಆ ಹೆಂಗಸು. "ಪಕ್ಕದ ಅಂಗ್ಡೀಲಿ ಇನ್ನೂ ಉದ್ದ ಕೊಡ್ತಾರೆ."

ಅಕ್ಕ ಕತ್ತರಿಸಿ ಎಲೆಯಲ್ಲಿ ಸುತ್ತಿ ಕೊಟ್ಟಳು.

"ಅವರ ಕೈ ಇಲ್ಲೇ ಕುಂತೈತೆ ಕಣವ್ವ. ಈ ಕೈ ಇಮಾನ ಹತ್ತಿ ಓಗಿ ಹೂವ ಕಟ್ಟಿ ಬಂದೈತೆ. ಇದರ ಮೊಳ ಇಷ್ಟೇಯ."